ಡಾಕ್ಟರ್‌ಬಾಯಿಯ ಪಥ್ಯಕ್ಕೆ ನಾನು ಪೊಲೀಸ್

ತಟ್, ತಟ್, ತಟ್. ಕೊಪ್ಪಳದ ನಮ್ಮ ಜನಾನಾ ದವಾಖಾನೆಯ ಹಿಂದಿನ ಓಣಿಯಲ್ಲಿ ಬೆಳಿಗ್ಗೆ ಶುರುವಾದ ಈ ಸದ್ದು ಮಧ್ಯಾಹ್ನದ ಊಟದ ಹೊತ್ತು ಕಳೆಯುವವರೆಗೆ ನಿಲ್ಲುತ್ತಿರಲಿಲ್ಲ. ಬಸವ್ವನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಅದು. ನಡುನಡುವೆ ಒಮ್ಮೊಮ್ಮೆ ತಾಳ ತಪ್ಪುತ್ತಿತ್ತು. ಧಪ್, ಧಪ್ ಎಂದು ಎರಡು ದೊಡ್ಡ ಪೆಟ್ಟು, ಸ್ವಲ್ಪ ಮೌನ, ಆಮೇಲೆ ಮತ್ತೆ ಮೊದಲಿನ ತಟ್, ತಟ್. ಕಾನ್ವೆಂಟಿನಲ್ಲಿ ಪಿಯಾನೋ ಕೇಳಿ ಬೆಳೆದ ಕಿವಿ ನನ್ನದು. ಪಾಪ, ಬಸವ್ವನಿಗೆ ರಿದಮ್ ಗೊತ್ತಿಲ್ಲ ಅಂದುಕೊಂಡಿದ್ದೆ. ನಾನೆಂಥ ಪೆದ್ದಿ ಎಂಬುದು ಗೊತ್ತಾಗಲು ಎರಡೂವರೆ ತಿಂಗಳು ಬೇಕಾಯಿತು.

ಮೊನ್ನೆ ನರ್ಸಿಂಗ್ ಸ್ಕೂಲಿನ ಹುಡುಗಿಯರು ಮನೆಗೆ ಬಂದಿದ್ದರು. "ಆಂಟಿ, ನಿಮ್ ಕಾಲದಾಗ ಡಯೆಟ್ ಡ್ಯೂಟಿ ಹೆಂಗಿತ್ತು, ಬರದು ಕೊಡ್ರಿ" ಎಂದರು. ಈಗಿನ ಆಸ್ಪತ್ರೆಗಳಲ್ಲಿ ಡಯೆಟ್ ಎಂದರೆ ಪ್ರಿಂಟ್ ಮಾಡಿದ ಚಾರ್ಟು. ಬೆರಳಿನಿಂದ ಒಂದು ಹನಿ ರಕ್ತ ತೆಗೆದರೆ ಮುಗಿಯಿತು. ನನ್ನ ಕಾಲದ ಡಯೆಟ್ ಡ್ಯೂಟಿ ನಡೆದದ್ದು ಖಾನಾವಳಿಗಳಲ್ಲಿ, ಚಹಾದ ಅಂಗಡಿಗಳಲ್ಲಿ, ಮತ್ತು ನನಗಿಂತ ಜಾಣರಾದ ಇಬ್ಬರು ಹೆಂಗಸರ ಎದುರಿನಲ್ಲಿ. ಅದನ್ನೇ ಬರೆಯುತ್ತೇನೆ. ನನಗೆ ಯಾವಾಗ ಪ್ರಮೋಷನ್ ಸಿಕ್ಕಿತು, ಪೆನ್ಷನ್ ಎಷ್ಟು ಎಂಬ ಬೋರಿಂಗ್ ವಿಷಯಗಳನ್ನು ಬಿಟ್ಟುಬಿಡೋಣ.

ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿದ್ದದ್ದರಿಂದ ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದೆ. ಅಲ್ಲಿ ಇಂಗ್ಲಿಷ್ ಕಲಿತೆ, ಲೇಸು ಹಾಕುವುದನ್ನು ಕಲಿತೆ, ಜೊತೆಗೆ ನಾನು ಹೇಳಿದ್ದೇ ಸರಿ ಎಂಬ ನಂಬಿಕೆಯನ್ನೂ ಕಟ್ಟಿಕೊಂಡು ಬಂದೆ. ನರ್ಸಿಂಗ್ ಮುಗಿಸಿ ಕೊಪ್ಪಳಕ್ಕೆ ಬಂದಾಗ ಯುದ್ಧ ನಡೆದಿತ್ತು. ಸಕ್ಕರೆ ಸಿಕ್ಕರೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಚಹಾಪುಡಿ ಸಿಕ್ಕರೆ ಸಕ್ಕರೆ ಇರುತ್ತಿರಲಿಲ್ಲ. ನಮ್ಮ ಹೆಂಗಸರ ದವಾಖಾನೆ ಎಂದರೆ ಎಂಟು ಹಾಸಿಗೆ, ಒಂದು ಸ್ಪಿರಿಟ್ ಲ್ಯಾಂಪು, ನಿಜಾಮರ ಆಳ್ವಿಕೆಯಾದ್ದರಿಂದ ಉರ್ದುವಿನಲ್ಲಿ ಬರೆಯಬೇಕಾದ ರಿಜಿಸ್ಟರುಗಳು, ಮತ್ತು ಡಾಕ್ಟರ್ ಸುಭದ್ರಾಬಾಯಿ.

ಡಾಕ್ಟರ್‌ಬಾಯಿ ಧಾರವಾಡ ಕಡೆಯವರು. ಗಟ್ಟಿ ಮೈ, ಬಿಳಿ ಸೀರೆ, ಗಂಡಸರ ಬೂಟು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಈ ನಾಲ್ಕು ತಾಲೂಕಿನ ಹೆಣ್ಣುಮಕ್ಕಳಿಗೆ ಆಕೆಯೊಬ್ಬರೇ ಲೇಡಿ ಡಾಕ್ಟರ್. ಅರ್ಧ ತಿಂಗಳು ಕೊಪ್ಪಳದಲ್ಲಿ, ಇನ್ನರ್ಧ ಗಾಡಿಯಲ್ಲೋ, ಇದ್ದಿಲು ಹಾಕಿ ಓಡಿಸುತ್ತಿದ್ದ ಆ ಯುದ್ಧಕಾಲದ ಬಸ್ಸಿನಲ್ಲೋ. ಹಡೆಯಲಾರದೆ ಒದ್ದಾಡುವ ಹೆಂಗಸಿನ ಮನೆಯಿಂದ ಕರೆ ಬಂದರೆ ಆಕೆ ಹೊರಟುಬಿಡುತ್ತಿದ್ದರು. ಗಂಡು ಡಾಕ್ಟರನ್ನು ಒಳಗೆ ಬಿಟ್ಟುಕೊಳ್ಳದ ಮನೆಗಳೇ ಹೆಚ್ಚಾಗಿದ್ದ ಕಾಲ. ಆಕೆ ಹೋಗದಿದ್ದರೆ ಇನ್ನಾರೂ ಇರಲಿಲ್ಲ.

ರೋಗಿಗಳಿಗೆ ಆಕೆ ಕೆಂಪು ಪೆನ್ಸಿಲಿನಿಂದ ಒಂದು ಚೀಟಿ ಬರೆದುಕೊಡುತ್ತಿದ್ದರು. ಊರವರು ಅದನ್ನು ಪರಹೇಜ್ ಚೀಟಿ ಎನ್ನುತ್ತಿದ್ದರು. ಉಪ್ಪು ಬೇಡ, ಕರಿದದ್ದು ಬೇಡ, ಬೆಲ್ಲ ಬೇಡ. ಚೀಟಿ ನೋಡಿ ಅತ್ತ ರೋಗಿಗಳನ್ನು ಕಂಡಿದ್ದೇನೆ. ಡಾಕ್ಟರ್‌ಬಾಯಿಗೆ ಕರುಣೆಯೇ ಇಲ್ಲ ಎಂದು ಜನ ಹೇಳುತ್ತಿದ್ದರು.

ಆ ವರ್ಷ ಯುಗಾದಿಯ ಸುಮಾರಿಗೆ ಆಕೆಯ ಎಡ ಹಿಮ್ಮಡಿಯಲ್ಲಿ ಒಂದು ಹುಣ್ಣಾಯಿತು. ಬೂಟು ಕಚ್ಚಿದ್ದು ಎಂದರು. ಹದಿನೈದು ದಿನವಾದರೂ ಮಾಯಲಿಲ್ಲ. ನನಗೆ ಸಂಶಯ ಬಂದು ಮೂತ್ರ ಪರೀಕ್ಷೆ ಮಾಡಿದೆ. ಆಗಿನ ಪದ್ಧತಿ ಹೀಗೆ: ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ, ಸ್ಪಿರಿಟ್ ಲ್ಯಾಂಪಿನ ಮೇಲೆ ಹಿಡಿದು ಕುದಿಸುವುದು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಿಗೆಯ ಕೆಂಪಾದರೆ ದೇವರೇ ಗತಿ. ಆಕೆಯದು ಇಟ್ಟಿಗೆಯ ಕೆಂಪಾಯಿತು.

ಆಕೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಷ್ಟ್ ಛಲೋ ಬಣ್ಣ ಬಂದೈತಿ ನೋಡ ಕಮಲಾ. ನನ್ನ ಮದುವಿ ಸೀರಿ ಇದೇ ಬಣ್ಣದ್ದಿತ್ತು."

ರಾಯಚೂರಿಗೆ ಹೋಗಿ ದೊಡ್ಡ ಸರ್ಜನ್ನರಿಗೆ ಕಾಲು ತೋರಿಸಿದೆವು. ಇನ್ಸುಲಿನ್ ಸೂಜಿಮದ್ದು ಹೈದರಾಬಾದಿನಿಂದ ಬರಬೇಕಿತ್ತು. ಯುದ್ಧದಲ್ಲಿ ಬರುತ್ತಿರಲಿಲ್ಲ, ಬಂದರೂ ನಮ್ಮ ಬಿಸಿಲಿಗೆ ಕೆಡುತ್ತಿತ್ತು. ಸರ್ಜನ್ ನೇರ ಮನುಷ್ಯ. "ಪಂಚಮಿ ಹಬ್ಬದವರೆಗೆ ಸಮಯ. ಪಥ್ಯ ಮಾಡಿ ಸಕ್ಕರೆ ಇಳಿಸಿ, ಗಾಯ ಮುಚ್ಚಬೇಕು. ಮುಚ್ಚದಿದ್ದರೆ ಕಾಲು ತೆಗೆಯುತ್ತೇನೆ" ಎಂದರು.

ಹಿಂದಿರುಗುವಾಗ ರೈಲಿನಲ್ಲಿ ಡಾಕ್ಟರ್‌ಬಾಯಿ ಕೆಂಪು ಪೆನ್ಸಿಲ್ ತೆಗೆದು ತಮ್ಮ ಚೀಟಿಯನ್ನು ತಾವೇ ಬರೆದರು. ಸಕ್ಕರೆ, ಬೆಲ್ಲ, ಅನ್ನ, ಹಣ್ಣು ಇಲ್ಲ. ಹೊತ್ತಿಗೆ ಒಂದೂವರೆ ರೊಟ್ಟಿ, ಕಾಳು, ಸೊಪ್ಪು, ಮಜ್ಜಿಗೆ. ಬರೆದು ನನ್ನ ಕೈಗೆ ಕೊಟ್ಟರು. "ಇವತ್ತಿನಿಂದ ನೀ ನನ್ನ ಪೊಲೀಸ. ನಾ ಏನ್ ಹೇಳಿದ್ರೂ ಕೇಳಬ್ಯಾಡ. ಕಾಲಿಲ್ಲದ ಡಾಕ್ಟರ್ ಯಾವ ಗಾಡಿ ಹತ್ತತಾಳ?"

ನನಗೆ ಎದೆ ತುಂಬಿ ಬಂತು. "ಯೂ ಕ್ಯಾನ್ ಟ್ರಸ್ಟ್ ಮೀ, ಮೇಡಂ" ಎಂದೆ. ಆಕೆ ಗಂಭೀರವಾಗಿ ತಲೆಯಾಡಿಸಿದರು. ಕಳ್ಳಿ.

ಆಕೆಗೆ ಮನೆಯಲ್ಲಿ ಒಲೆಯಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಒಂಟಿ ಹೆಂಗಸು, ಅಡುಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಊರಲ್ಲಿದ್ದರೆ ಬಸವ್ವನ ಖಾನಾವಳಿ, ಟೂರಿನಲ್ಲಿದ್ದರೆ ಸಿಕ್ಕ ಹೋಟೆಲು. ಮರ್ಯಾದಸ್ಥ ಹೆಂಗಸರು ಹೊರಗೆ ಉಣ್ಣದ ಕಾಲ. ನಾವಿಬ್ಬರು ಒಳಗೆ ಕಾಲಿಟ್ಟರೆ ಉಣ್ಣುತ್ತಿದ್ದ ಗಂಡಸರೆಲ್ಲ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಮಾಲೀಕರು ಗಡಬಡಿಸಿ ನಮ್ಮನ್ನು ಒಳಗೆ, ಒಲೆಯ ಪಕ್ಕದ ಗೋಡೆಗೆ ಕೂರಿಸಿ ಒಂದು ಪರದೆ ಎಳೆಯುತ್ತಿದ್ದರು. ಪಥ್ಯ ಮಾಡುವವರನ್ನು ಒಲೆಯ ಪಕ್ಕವೇ ಕೂರಿಸಿದರೆ ಏನಾಗುತ್ತದೆ, ನೀವೇ ಯೋಚಿಸಿ.

ನನ್ನ ಪೊಲೀಸ್ ಕೆಲಸದ ಮೊದಲ ಸೋಲು ಕುಷ್ಟಗಿಯಲ್ಲಾಯಿತು. ಬಸ್ಸಿನಿಂದ ಇಳಿದು ಚಹಾದ ಅಂಗಡಿಗೆ ಹೋದೆವು. ಒಂದೇ ದೊಡ್ಡ ಪಾತ್ರೆಯಲ್ಲಿ ಹಾಲು, ಪುಡಿ, ಬೆಲ್ಲ ಎಲ್ಲ ಕೂಡಿ ಬೆಳಗಿನಿಂದ ಕುದಿಯುತ್ತಿತ್ತು. ಬೇರೆ ಚಹಾ ಬೇಕು, ಸಿಹಿ ಹಾಕಬಾರದು ಎಂದೆ.

ಅಂಗಡಿಯವನ ಮುಖ ಸಪ್ಪಗಾಯಿತು. ದನಿ ಇಳಿಸಿ ಕೇಳಿದ, "ಯಾರರ ತೀರಿಕೊಂಡಾರೇನ್ರಿ ಅಕ್ಕಾರ?"

"ಇಲ್ಲಪ್ಪ, ಇವರಿಗೆ ಸಕ್ಕರೆ ಕಾಯಿಲೆ" ಎಂದೆ, ಕಾನ್ವೆಂಟಿನ ಶುದ್ಧ ಕನ್ನಡದಲ್ಲಿ. "ಸಕ್ಕರೆಯೆಲ್ಲ ಮೂತ್ರದಲ್ಲಿ ಹೋಗಿಬಿಡುತ್ತದೆ."

"ಅಯ್ಯ ಶಿವನ! ಎಲ್ಲಾ ಹೊಂಟ ಹೋಗತೈತೇನ್ರಿ?" ಆತ ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಒಂದು ಲೋಟ ತಂದು ಡಾಕ್ಟರ್‌ಬಾಯಿಯ ಮುಂದೆ ಎರಡೂ ಕೈಯಿಂದ ಇಟ್ಟ. ಆಕೆ ಒಂದೇ ಉಸಿರಿಗೆ ಕುಡಿದು ಕಣ್ಣು ಮುಚ್ಚಿದರು. ನನಗೆ ಅನುಮಾನ ಬಂದು ತಳದಲ್ಲಿ ಉಳಿದದ್ದನ್ನು ನಾಲಿಗೆಗೆ ಹಚ್ಚಿಕೊಂಡೆ. ಪಾಕ!

"ಅಷ್ಟು ಹೋಗಾಕತ್ತೇತಿ ಅಂದ್ರ, ತುಂಬಬೇಕಲ್ರಿ ಮತ್ತ" ಎಂದ ಆತ. "ಮನಿಯೊಳಗ ಮಕ್ಕಳಿಗಂತ ಇಟ್ಟಿದ್ದ ಸಕ್ರಿ ತಂದು ಹಾಕೇನ್ರಿ. ರೊಕ್ಕ ಬ್ಯಾಡ ಬಿಡ್ರಿ."

ಯುದ್ಧಕಾಲದಲ್ಲಿ ಮಕ್ಕಳ ಸಕ್ಕರೆಯನ್ನು ತಂದು ಹಾಕಿದವನನ್ನು ಬೈಯುವುದು ಹೇಗೆ? ಹೊರಗೆ ಬಂದ ಮೇಲೆ ಡಾಕ್ಟರ್‌ಬಾಯಿಯನ್ನು ಬೈದೆ. "ಮೊದಲ ಗುಟುಕಿಗೇ ಗೊತ್ತಾಗಲಿಲ್ಲವೇ, ಮೇಡಂ?"

"ಗೊತ್ತಾತು."

"ಮತ್ತೆ ಹೇಳಬಾರದಿತ್ತೇ?"

"ನಾ ಯಾಕ ಹೇಳಲಿ? ಪೊಲೀಸ ನೀನು."

ಆ ದಿನ ನಾನು ಒಂದು ಪಾಠ ಕಲಿತೆ. ರೋಗದ ಹೆಸರು ಹೇಳಿ ಪ್ರಯೋಜನವಿಲ್ಲ, ಒಲೆಯ ಹತ್ತಿರ ನಿಂತು ಪಾತ್ರೆ ನೋಡಬೇಕು. ಕೊಪ್ಪಳಕ್ಕೆ ಬಂದವಳೇ ಬಸವ್ವನ ಒಲೆಯ ಮುಂದೆ ಕುಳಿತು, ಹಾಲಿಲ್ಲದ, ಸಕ್ಕರೆಯಿಲ್ಲದ ಕಪ್ಪು ಚಹಾ ಮಾಡುವುದನ್ನು ಕಲಿಸಿದೆ. ಬಸವ್ವ ಐವತ್ತರ ಹೆಂಗಸು, ಹಣೆಯಲ್ಲಿ ಅಗಲ ವಿಭೂತಿ, ಬಂಡೆಯಂಥ ತೋಳು. ಗಂಡ ಸತ್ತ ಮೇಲೆ ಒಬ್ಬಳೇ ಖಾನಾವಳಿ ನಡೆಸುತ್ತಿದ್ದಳು. ಎರಡು ರೊಟ್ಟಿಗೊಮ್ಮೆ ಪಕ್ಕದ ತಂಬಿಗೆ ಎತ್ತಿ ಗಟಗಟ ನೀರು ಕುಡಿಯುತ್ತ ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಇದು ಕುಡಿಯೂದೇನ್ರಿ ನರ್ಸಕ್ಕಾರ, ಇಲ್ಲಾ ಪಾತ್ರಿ ತೊಳಿಯೂದೇನ್ರಿ?"

"ದಿನವೂ ಮಾಡಿ ಡಾಕ್ಟರ್‌ಬಾಯಿಗೆ ಕೊಡಬೇಕು."

"ದಿನಾ ಮಾಡತೀನ್ರಿ" ಎಂದಳು. ದಿನವೂ ಮಾಡಿದಳು ಕೂಡ. ಆ ವಿಷಯದಲ್ಲಿ ಆಕೆ ಸುಳ್ಳು ಹೇಳಲಿಲ್ಲ.

ಯಲಬುರ್ಗಾದಲ್ಲಿ ಬೇರೆಯೇ ಪಜೀತಿ. ನಾವು ಹೋದ ದಿನ ಖಾನಾವಳಿಯಲ್ಲಿ ಹೋಳಿಗೆ. ಬಡಿಸುವ ಮುದುಕಪ್ಪ ಎಂಬ ಹಿರಿಯರಿಗೆ ಹೋಳಿಗೆ ಬೇಡ ಎಂದರೆ, ನಿಮ್ಮ ಮನೆಯ ದೀಪ ಆರಲಿ ಎಂದಂತೆ ಕೇಳಿಸಿತು. ಪತ್ರಾವಳಿಯ ಮೇಲೆ ನಾನು ಅಡ್ಡ ಹಿಡಿದ ಕೈಯ ಕೆಳಗೇ ಒಂದು ಹೋಳಿಗೆ ನುಸುಳಿಸಿದರು. ಡಾಕ್ಟರ್‌ಬಾಯಿ ಆಗಲೇ ಲೆಕ್ಚರ್ ಶುರುಮಾಡಿದ್ದರು.

"ವಿಚಾರ ಮಾಡ ಕಮಲಾ. ಕಡಲಿಬ್ಯಾಳಿ ಅಂದ್ರ ಪ್ರೋಟೀನ್. ತುಪ್ಪ ಅಂದ್ರ ಫ್ಯಾಟ್. ಎರಡೂ ಚೀಟಿಯೊಳಗ ಅದಾವ."

"ಬೆಲ್ಲ, ಮೇಡಂ?"

"ಅದು ಬ್ಯಾಳಿ ಕೂಡಿಸಿ ಹಿಡಿಯಾಕ. ಗೋಡಿಗೆ ಸುಣ್ಣ ಇದ್ದಂಗ."

ಪತ್ರಾವಳಿಯಲ್ಲಿ ಬಿಟ್ಟು ಏಳುವ ಹಾಗಿಲ್ಲ. ಬಡಿಸಿದ ಅನ್ನಕ್ಕೆ ಅವಮಾನ. ಆಕೆ ತಿನ್ನುವ ಹಾಗಿಲ್ಲ, ಕಾಲಿನ ಪ್ರಶ್ನೆ. ಉಳಿದವಳು ನಾನು. ಆಕೆಯ ಹೋಳಿಗೆ ಎತ್ತಿ ನಾನು ತಿಂದೆ. ಮುದುಕಪ್ಪನವರು ಪತ್ರಾವಳಿ ಖಾಲಿಯಾದದ್ದನ್ನು ಕಂಡು ಸಂತೋಷದಿಂದ ಇನ್ನೆರಡು ಹಾಕಿದರು. ಅವನ್ನೂ ತಿಂದೆ. ಆಮೇಲೆ ಎಲ್ಲ ಊರಲ್ಲೂ ಇದೇ ಪದ್ಧತಿಯಾಯಿತು. ಪಥ್ಯ ಡಾಕ್ಟರ್‌ಬಾಯಿಯದು, ರವಿಕೆ ಬಿಗಿಯಾದದ್ದು ನನ್ನದು. ಎರಡು ತಿಂಗಳಲ್ಲಿ ನನ್ನ ಯೂನಿಫಾರ್ಮಿನ ಹೊಲಿಗೆ ಎರಡು ಸಲ ಬಿಚ್ಚಿಸಿದೆ. "ಪೊಲೀಸ ಲಂಚ ತಿಂದ್ರ ಹೊಟ್ಟಿ ಬರೂದ" ಎಂದು ಆಕೆ ದರ್ಜಿಯ ಮುಂದೆಯೇ ಹೇಳಿದರು.

ಆ ದಿನ ಗಾಡಿಯಲ್ಲಿ ಹಿಂದಿರುಗುವಾಗ ಆಕೆ ತಾವಾಗಿಯೇ ಒಂದು ಮಾತು ಆಡಿದರು. ಆಕೆಗೆ ಹತ್ತರಲ್ಲಿ ಮದುವೆ, ಹನ್ನೆರಡರಲ್ಲಿ ವೈಧವ್ಯ. ಮೂವತ್ತಕ್ಕೆ ಡಾಕ್ಟರಾಗಿ ಹೊರಬೀಳುವವರೆಗೆ ಹಬ್ಬದ ದಿನ ಯಾರೂ ಆಕೆಯ ಮುಂದೆ ಎಲೆ ಹಾಕಿರಲಿಲ್ಲವಂತೆ. ಒಳಗಿನ ಕೋಣೆಯಲ್ಲಿ ಒಪ್ಪೊತ್ತು, ಸಪ್ಪನೆಯ ಊಟ. "ಮೊದಲನೇ ಪಗಾರ ಬಂದಾಗ ಖಾನಾವಳಿಗೆ ಹೋಗಿ ಕುಂತೆ, ಕಮಲಾ. ಒಬ್ಬ ಗುರುತಿಲ್ಲದ ಮನಿಷಾ ಬಂದು, 'ಇನ್ನೊಂದ್ ಹಾಕಲೇನವ್ವಾ' ಅಂದ. ಆ ಮಾತಿನ ರುಚಿ ಹೋಳಿಗಿಯೊಳಗ ಇಲ್ಲ ನೋಡು." ಹೇಳಿ, ಗಾಡಿಯ ಹಿಂದೆ ಸರಿಯುತ್ತಿದ್ದ ಎರೆಹೊಲಗಳನ್ನು ನೋಡುತ್ತ ಕುಳಿತರು. ಮುಂದಿನ ಹಳ್ಳಿಯಲ್ಲಿ ಕೊಬ್ಬರಿಮಿಠಾಯಿ ಕಂಡಾಗ ಮಾತ್ರ ತಲೆ ಹೊರಗೆ ಹಾಕಿದರು. ನಾನು ಗಾಡಿ ನಿಲ್ಲಿಸಲು ಬಿಡಲಿಲ್ಲ.

ಗಂಗಾವತಿಯಲ್ಲಿ ಹೊಳೆ ಕಾಲುವೆಯ ನೀರು, ಭತ್ತದ ಗದ್ದೆ. ಅಲ್ಲಿಯ ಹೋಟೆಲಿನಲ್ಲಿ ಒಳಗೆ ಕೂತವರಿಗೆ ಸಣ್ಣಕ್ಕಿಯ ಅನ್ನ, ರೊಟ್ಟಿ ಏನಿದ್ದರೂ ಗಾಡಿಯವರು ತಮ್ಮ ಬುತ್ತಿಯಲ್ಲಿ ಕಟ್ಟಿ ತಂದದ್ದು. ರೊಟ್ಟಿ ಬೇಕು ಎಂದು ನಾನು ಹಟ ಹಿಡಿದೆ.

"ಡಾಕ್ಟರಮ್ಮಗಾರಿಗೆ ರೊಟ್ಟಿ ಹಾಕಿದೆ ಅಂದ್ರ ಊರಾಗ ನನ್ನ ಮಾನ ಉಳಿತೈತೇನ್ರಿ?" ಎಂದ ಮಾಲೀಕ. ಹೂವಿನಂಥ ಅನ್ನ ಗುಡ್ಡೆ ಹಾಕಿದ. ಡಾಕ್ಟರ್‌ಬಾಯಿ ನನ್ನ ಕಡೆ ತಿರುಗಿ ದುಃಖದ ಮುಖ ಮಾಡಿದರು. "ಪಾಪ, ಅವನ ಮಾನದ ಪ್ರಶ್ನೆ. ಏನ್ ಮಾಡೂದು?"

ನಾನು ತಾಟು ಎತ್ತಿಕೊಂಡು ಎದ್ದೆ. ಹೊರಗೆ ಬೇವಿನ ಮರದ ಕೆಳಗೆ ನಮ್ಮ ಗಾಡಿಯ ಮೌಲಾಸಾಬ ಬುತ್ತಿ ಬಿಚ್ಚುತ್ತಿದ್ದ. ಅನ್ನದ ತಾಟು ಅವನ ಮುಂದಿಟ್ಟು ಎರಡು ಕಟಿರೊಟ್ಟಿ, ಪುಂಡಿಪಲ್ಯ ಎತ್ತಿಕೊಂಡು ಬಂದೆ. "ದಿನಾ ಗಂಗಾವತಿಗೇ ಬರೂಣ್ರಿ ಬಾಯಿಸಾಬ" ಎಂದು ಆತ ಹಿಂದಿನಿಂದ ಕೂಗಿದ. ಡಾಕ್ಟರ್‌ಬಾಯಿ ಕಟಿರೊಟ್ಟಿಯನ್ನು ಕಟಕಟ ಮುರಿಯುತ್ತ ಊಟ ಮುಗಿಯುವವರೆಗೆ ನನ್ನೊಂದಿಗೆ ಮಾತಾಡಲಿಲ್ಲ.

ಇಷ್ಟೆಲ್ಲ ಯುದ್ಧ ಮಾಡಿದ್ದಕ್ಕೆ ಫಲವೂ ಸಿಗುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಬಸವ್ವ ಡಾಕ್ಟರ್‌ಬಾಯಿಯ ಕ್ವಾರ್ಟರ್ಸಿಗೆ ನಾಷ್ಟಾ ಕೊಟ್ಟು ಬರುವಾಗ ಪರೀಕ್ಷೆಯ ಬಾಟಲಿಯನ್ನೂ ತಂದು ನನ್ನ ಕಿಟಕಿಯಲ್ಲಿಡುತ್ತಿದ್ದಳು. ನಾನು ಕೊಲೋನ್ ಹಾಕಿದ ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡು, ಎಂಟು ಹನಿ ಎಣಿಸಿ, ಕುದಿಸುತ್ತಿದ್ದೆ. ನೀಲಿ. ಮುಂದಿನ ವಾರವೂ ನೀಲಿ. ನನಗೆ ಎಷ್ಟು ಹೆಮ್ಮೆ ಎಂದರೆ ಬಳ್ಳಾರಿಯ ಕಾನ್ವೆಂಟಿನ ಸಿಸ್ಟರ್‌ಗೆ ಕಾಗದ ಬರೆದು ತಿಳಿಸಿದೆ.

ಗಾಯ ಮಾತ್ರ ಮುಚ್ಚುತ್ತಿರಲಿಲ್ಲ. ದಿನಾ ಬ್ಯಾಂಡೇಜು ಕಟ್ಟುವವಳು ನಾನೇ. ಅಂಚು ಕಪ್ಪಾಗತೊಡಗಿತ್ತು, ವಾಸನೆಯೂ ಶುರುವಾಗಿತ್ತು. ಕಾರಹುಣ್ಣಿಮೆ ಬಂತು; ಪಂಚಮಿಗೆ ಎರಡು ತಿಂಗಳೂ ಇರಲಿಲ್ಲ. ಸಕ್ಕರೆಯಿಲ್ಲ ಎಂದಾದರೆ ಇದು ಮತ್ತೇನೋ ದೊಡ್ಡ ರೋಗವೆಂದು ನಾನು ಪುಸ್ತಕ ತಿರುವಿ ಹಾಕಿದೆ. ಹುಡುಗಿಯರೇ, ಇಲ್ಲಿ ನಾನು ಮಾಡಿದ ತಪ್ಪನ್ನು ಸರಿಯಾಗಿ ನೋಡಿಕೊಳ್ಳಿ. ಕಣ್ಣೆದುರಿನ ಹಿಮ್ಮಡಿ ಒಂದು ಹೇಳುತ್ತಿತ್ತು, ಕೈಯಲ್ಲಿದ್ದ ನಳಿಗೆ ಇನ್ನೊಂದು ಹೇಳುತ್ತಿತ್ತು. ನಾನು ನಳಿಗೆಯನ್ನು ನಂಬಿದೆ.

ಕಾರಹುಣ್ಣಿಮೆ ಕಳೆದ ಸೋಮವಾರ ಬಾಟಲಿ ಬಂತು. ಕುದಿಸಿದೆ. ನೋಡನೋಡುತ್ತ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಅಷ್ಟು ದಟ್ಟ ಕೆಂಪನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಳಿಗೆ ಹಿಡಿದುಕೊಂಡು ಓಡಿದೆ. ಡಾಕ್ಟರ್‌ಬಾಯಿ ಬಸವ್ವನ ಖಾನಾವಳಿಯಲ್ಲಿದ್ದರು. ಓಣಿಗೆ ಕಾಲಿಟ್ಟಾಗ ತಟ್, ತಟ್ ಸದ್ದು ಧಪ್, ಧಪ್ ಆಗಿ ನಿಂತದ್ದು ಕೇಳಿಸಿತು. ಪರದೆ ಎಳೆದು ಒಳಗೆ ನುಗ್ಗಿದೆ. ಆಕೆ ಮಜ್ಜಿಗೆ ಲೋಟ ಹಿಡಿದು ಕುಳಿತಿದ್ದರು.

"ಎಲ್ಲಿ ಏನು ತಿಂದಿರಿ? ಟೆಲ್ ಮಿ ದ ಟ್ರೂತ್!" ಎಂದು ಕಿರುಚಿದೆ. ಮೇಲಧಿಕಾರಿಯೊಂದಿಗೆ ಹಾಗೆ ಮಾತಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಆಕೆ ನಳಿಗೆ ನೋಡಿದರು. ಮೊದಲು ನಗುವ ಹಾಗೆ ಮಾಡಿದರು, ಆಮೇಲೆ ಮುಖದ ಬಣ್ಣ ಇಳಿಯಿತು. ನನ್ನ ಕಡೆ ನೋಡದೆ ಒಲೆಯ ಕಡೆ ತಿರುಗಿದರು.

"ಬಸವ್ವಾ, ಇವತ್ತು ಬಾಟಲಿಯೊಳಗ ಚಹಾ ಹಾಕಲಿಲ್ಲೇನ?"

"ಚಹಾ?" ಎಂದೆ ನಾನು.

ಬಸವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಪುಡಿ ಮುಗದಿತ್ರಿ ಬಾಯಾರ. ಪ್ಯಾಟಿಯೊಳಗೂ ಸಿಗಲಿಲ್ಲ. ಬಾಟ್ಲಿ ಖಾಲಿ ಹೋದ್ರ ನರ್ಸಕ್ಕಾರ ಬೈತಾರಂತ..." ತಲೆ ತಗ್ಗಿಸಿದಳು. "ಅದಕ ನಂದ ತುಂಬಿ ಕೊಟ್ಟನ್ರಿ. ನಾ ಗಟ್ಟಿಮುಟ್ಟು ಅದೀನಲ್ರಿ, ಏನ್ ಆಕ್ಕೈತಿ ಅಂತ."

ನನಗೆ ಒಂದೊಂದಾಗಿ ಅರ್ಥವಾಯಿತು. ನಾನು ಒಲೆಯ ಮುಂದೆ ಕುಳಿತು ಕಲಿಸಿದ ಸಕ್ಕರೆಯಿಲ್ಲದ ಚಹಾಕ್ಕೆ ನೀರು ಬೆರೆಸಿ ಪ್ರತಿ ವಾರ ನನಗೇ ಕಳಿಸಿದ್ದರು. ನಾನು ಮೂಗಿಗೆ ಕೊಲೋನ್ ಕಟ್ಟಿಕೊಂಡು ಹತ್ತು ವಾರ ಚಹಾದಲ್ಲಿ ಸಕ್ಕರೆ ಹುಡುಕಿದ್ದೆ. ಇರಲಿಲ್ಲ, ಸರಿಯೇ. ಮಜ್ಜಿಗೆ ಲೋಟದ ಹಿಂದೆ ತಾಟಿನಲ್ಲಿ ಅರ್ಧ ತಿಂದ ಕಡಬು ಇತ್ತು. ಆ ಧಪ್, ಧಪ್ ಏನೆಂದು ಕೇಳಿದೆ.

"ನೀವು ಓಣಿಯೊಳಗ ಬಂದ್ರ ಬಾಯಾರಿಗೆ ತಿಳೀಲಿ ಅಂತ್ರಿ" ಎಂದಳು ಬಸವ್ವ.

ನಾನು ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದೆ. ಡಾಕ್ಟರ್‌ಬಾಯಿ ನನ್ನನ್ನು ಗಮನಿಸಲೇ ಇಲ್ಲ. ಬಸವ್ವನ ಪಕ್ಕದ ತಂಬಿಗೆಯನ್ನು ನೋಡುತ್ತಿದ್ದರು.

"ದಿನಕ್ಕ ಎಷ್ಟ್ ನೀರು ಕುಡೀತೀ ಬಸವ್ವಾ?"

"ಒಂದ್ ಕೊಡ ಆಕ್ಕೈತ್ರಿ. ಬೆಂಕಿ ಮುಂದ ಕುಂದರತೀನಲ್ರಿ."

"ಬಚ್ಚಲದಾಗ ಇರವಿ ಆಗ್ಯಾವೇನ?"

"ಹೂನ್ರಿ. ನಿಮಗ್ಯಾರು ಹೇಳಿದ್ರು?"

ಡಾಕ್ಟರ್‌ಬಾಯಿ ನಳಿಗೆಯನ್ನು ಗೋಡೆಗೆ ಒರಗಿಸಿಟ್ಟರು. ಆ ಕೆಂಪು ಬಸವ್ವನ ಸಕ್ಕರೆಯದು, ಬಚ್ಚಲಿಗೆ ಇರುವೆ ಮುತ್ತಿದ್ದೂ ಅದಕ್ಕೇ. ತಿಂಗಳುಗಟ್ಟಲೆ ಅದೇ ತಂಬಿಗೆಯ ಮುಂದೆ ಕುಳಿತಿದ್ದೆವು, ಒಬ್ಬ ಡಾಕ್ಟರು, ಒಬ್ಬ ನರ್ಸು. ಡಾಕ್ಟರ್‌ಬಾಯಿ ಕೈಚೀಲದಿಂದ ಕೆಂಪು ಪೆನ್ಸಿಲ್ ತೆಗೆದು ಚೀಟಿ ಬರೆದರು, ಬಸವ್ವನಿಗೆ ಓದಿ ಹೇಳಿದರು. ಸಕ್ಕರೆ, ಬೆಲ್ಲ, ಅನ್ನ, ಹಣ್ಣು ಇಲ್ಲ.

ಬಸವ್ವ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದು ಬಾರದಿದ್ದರೂ ಗುರುತು ಹಿಡಿದಳು. "ಇದು ನಿಮ್ಮ ಚೀಟಿನ ಅಲ್ಲೇನ್ರಿ?"

"ಹೂಂ, ಅದೇ."

"ಮಾಡದಿದ್ರ ಏನ್ ಆಕ್ಕೈತ್ರಿ?"

ಡಾಕ್ಟರ್‌ಬಾಯಿ ಸೀರೆಯ ಅಂಚು ಸರಿಸಿ, ಬಗ್ಗಿ, ತಾವೇ ಬ್ಯಾಂಡೇಜು ಬಿಚ್ಚಿ ಹಿಮ್ಮಡಿ ತೋರಿಸಿದರು. ಬಸವ್ವ ಅದುವರೆಗೆ ಅದನ್ನು ನೋಡಿರಲಿಲ್ಲ. ಬೂಟು ಕಚ್ಚಿದ ಗಾಯ ಎಂದಷ್ಟೇ ಆಕೆಗೆ ಗೊತ್ತಿತ್ತು. ಕಾಲು ತೆಗೆಯುತ್ತಾರೆಂಬ ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದರೆ ಕಡಬು ಮಾಡುತ್ತಿದ್ದಳೇ?

ನೋಡಿದಳು. ಹೊರಗೆ ಕುಳಿತ ಗಂಡಸರು "ರೊಟ್ಟಿ ತರ್ರಿ" ಎಂದು ಕೂಗುತ್ತಿದ್ದರು. ಆಮೇಲೆ ಬಸವ್ವನಿಗೆ ಸಿಟ್ಟು ಬಂತು. "ನನ್ನ ಕೈಲೆ ಉಣ್ಣಿಸಿಕೊಂಡ್ರೆಲ್ರಿ ಬಾಯಾರ! ನನ್ನ ಕೈಲೆ! ಇನ್ನೊಂದ್ ಹಾಕು, ಇನ್ನೊಂದ್ ಹಾಕು ಅಂತ!" ತಾಟಿನ ಅರ್ಧ ಕಡಬನ್ನು ಕಸಿದು ಬುಟ್ಟಿಗೆ ಎಸೆದಳು. ಅನ್ನವನ್ನು ಬಿಸಾಡಿದ ಬಸವ್ವನನ್ನು ನಾನು ನೋಡಿದ್ದು ಅದೊಂದೇ ದಿನ. "ನೀವು ಮಾಡಿದ್ರ ನಾನೂ ಪಥ್ಯ ಮಾಡ್ತೀನಿ. ನೀವು ಕದ್ದು ತಿಂದ್ರ ನಾನೂ ತಿಂತೀನಿ. ನೋಡ್ರಿ ಮತ್ತ."

ನಾಲ್ಕು ತಾಲೂಕನ್ನು ಹೆದರಿಸಿದ ಹೆಂಗಸು ಹತ್ತಿರ ಕುಳಿತು, "ಆತು ಬಿಡವಾ" ಎಂದರು, ಮೆಲ್ಲಗೆ.

ನನ್ನ ಪೊಲೀಸ್ ಕೆಲಸ ಆ ದಿನಕ್ಕೆ ಮುಗಿಯಿತು. ಇನ್ನು ಅವರಿಬ್ಬರೇ ಒಬ್ಬರನ್ನೊಬ್ಬರು ಕಾಯತೊಡಗಿದರು, ನನಗಿಂತ ಸಾವಿರ ಪಾಲು ಚೆನ್ನಾಗಿ. ಡಾಕ್ಟರ್‌ಬಾಯಿ ಯಾವ ಹೊತ್ತಿನಲ್ಲಾದರೂ ಹೋಗಿ ಬಸವ್ವನ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದರು. ಆಕೆ ಟೂರಿಗೆ ಹೊರಟರೆ ಬಸವ್ವ ಲೆಕ್ಕ ಮಾಡಿ ರೊಟ್ಟಿ, ಹೆಸರುಕಾಳಿನ ಪಲ್ಯ, ಅಗಸಿ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಡುತ್ತಿದ್ದಳು. ಮೌಲಾಸಾಬನಿಗೆ ತಾಕೀತು ಬೇರೆ: "ಗಾಡಿ ಮಿಠಾಯಿ ಅಂಗಡಿ ಮುಂದ ನಿಲ್ಲಿಸಿದ್ರ ನಿನಗ ಇಲ್ಲಿ ರೊಟ್ಟಿ ಇಲ್ಲ." ಸೋಮವಾರ ಎರಡು ಬಾಟಲಿ ಬರುತ್ತಿದ್ದವು. ನಾನು ಕರ್ಚೀಫ್ ಬಿಚ್ಚಿ, ಮೂಸಿ, ಆಮೇಲೆ ಕುದಿಸುತ್ತಿದ್ದೆ. ಕೆಂಪು ಹೋಗಿ ಹಳದಿ ಬಂತು, ಹಳದಿ ಹೋಗಿ ಹಸಿರು. ಯಾರದು ಹೆಚ್ಚು ಹಸಿರು ಎಂದು ಇಬ್ಬರೂ ಕಿಟಕಿಯಲ್ಲಿ ನಿಂತು ಜಗಳಾಡುತ್ತಿದ್ದರು.

ಆಗಲೇ ಡಾಕ್ಟರ್‌ಬಾಯಿ ಒಂದು ಹೊಸ ಪದ್ಧತಿ ತಂದರು. ರೋಗಿಗೆ ಚೀಟಿ ಕೊಟ್ಟು ಹೆದರಿಸುವುದನ್ನು ಬಿಟ್ಟು, ಅಡುಗೆ ಮಾಡುವವರನ್ನು ಕರೆಸಿ ಮಾತಾಡತೊಡಗಿದರು. ಹಳ್ಳಿಯಿಂದ ಬಂದ ರೋಗಿಗಳಿಗಾಗಿ ಬಸವ್ವನ ಒಳಗೋಡೆಗೆ ಬೇರೆ ಪಂಕ್ತಿ ಬಂತು. ಉಪ್ಪಿಲ್ಲದ ಪಲ್ಯ ಒಂದು ಪಾತ್ರೆ, ಎಣ್ಣೆಯಿಲ್ಲದ್ದು ಇನ್ನೊಂದು. ಉಪ್ಪು ಕೊಡದಿದ್ದರೆ ಉಂಡವರ ಮನಸ್ಸು ನೋಯುತ್ತದೆಂದು ಬಸವ್ವ ಎರಡು ಹೋಳು ನಿಂಬೆ ಹೆಚ್ಚು ಇಡುತ್ತಿದ್ದಳು. "ಇನ್ನೊಂದ್ ಹಾಕಲೇನವ್ವಾ" ಎಂದು ಆ ಪಂಕ್ತಿಯಲ್ಲೂ ಕೇಳುತ್ತಿದ್ದಳು. ನಿಂಬೆಹೋಳನ್ನೇ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಉಂಡಿ; ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ಇಡೀ ಕೊಪ್ಪಳ ಬೆಲ್ಲದ ಪಾಕದ ವಾಸನೆ ಹೊಡೆಯುತ್ತಿದ್ದಾಗ ಅವರಿಬ್ಬರು ಒಲೆಯ ಮುಂದೆ ಕುಳಿತು ಬರೀ ಹುರಿದ ಶೇಂಗಾ ತಿಂದರು. ಮರುವಾರ ರಾಯಚೂರಿಗೆ ಹೋದೆವು. ಸರ್ಜನ್ ಹಿಮ್ಮಡಿ ಒತ್ತಿ ನೋಡಿದರು. ಗುಲಾಬಿ ಬಣ್ಣದ ಹೊಸ ಚರ್ಮ, ಮಗುವಿನದ್ದರ ಹಾಗೆ. "ಇದನ್ನು ನೋಡಿಕೊಂಡವರು ಯಾರು?" ಎಂದು ಕೇಳಿದರು. ನಾನು ಮುಂದೆ ಬಂದೆ. ಡಾಕ್ಟರ್‌ಬಾಯಿ ಅಡ್ಡ ಬಂದು, "ಒಬ್ಬಾಕಿ ರೊಟ್ಟಿ ಬಡಿಯಾಕಿ ಅದಾಳ್ರಿ, ಕೊಪ್ಪಳದಾಗ" ಎಂದರು. ನನಗೆ ಸ್ವಲ್ಪ ಬೇಸರವಾದದ್ದು ನಿಜ. ಬರೆಯುವುದೆಂದರೆ ಅದನ್ನೂ ಬರೆಯಬೇಕಲ್ಲ.

ಆಮೇಲೂ ಕೆಲವು ವರ್ಷ ಆಕೆ ಅದೇ ಕಾಲಿನಲ್ಲಿ ನಾಲ್ಕು ತಾಲೂಕು ಓಡಾಡಿದರು. ಯುದ್ಧ ಮುಗಿಯಿತು, ನಿಜಾಮರ ಆಳ್ವಿಕೆ ಮುಗಿಯಿತು, ಉರ್ದು ರಿಜಿಸ್ಟರುಗಳು ಕಪಾಟು ಸೇರಿದವು. ಆಕೆ ರಿಟೈರ್ ಆಗಿ ಧಾರವಾಡಕ್ಕೆ ಹೊರಟ ದಿನ, ರೈಲಿನ ಹೊತ್ತಾಯಿತೆಂದು ಕರೆಯಲು ನಾನೇ ಬಸವ್ವನ ಖಾನಾವಳಿಗೆ ಹೋದೆ. ಓಣಿಯ ತಿರುವಿನಲ್ಲಿದ್ದೆ. ತಟ್, ತಟ್, ತಟ್. ಆಮೇಲೆ ಧಪ್, ಧಪ್.

ಎಷ್ಟೋ ವರ್ಷಗಳಿಂದ ಕೇಳಿರದ ಪೆಟ್ಟು. ನಾನು ಅಲ್ಲೇ ನಿಂತುಬಿಟ್ಟೆ. ಪಕ್ಕದ ಮನೆಯ ಕಟ್ಟೆಯ ಮೇಲಿದ್ದ ಕುಂಬಳಬಳ್ಳಿಯನ್ನು ಬಹಳ ಆಸಕ್ತಿಯಿಂದ ನೋಡಿದೆ. ಎಷ್ಟು ಹೂವಿವೆ ಎಂದು ಎಣಿಸಿದೆ. ಮತ್ತೆ ತಟ್, ತಟ್ ಶುರುವಾದ ಮೇಲೆ, ಜೋರಾಗಿ ಕೆಮ್ಮಿ, ಒಳಗೆ ಹೋದೆ. ಇಬ್ಬರೂ ಮಜ್ಜಿಗೆ ಲೋಟ ಹಿಡಿದು ಕುಳಿತಿದ್ದರು. ಡಾಕ್ಟರ್‌ಬಾಯಿಯ ತುಟಿಯ ಮೂಲೆಯಲ್ಲಿ ತುಪ್ಪ ಹೊಳೆಯುತ್ತಿತ್ತು. ಬಸವ್ವನ ತುಟಿಯಲ್ಲೂ.

"ಮಜ್ಜಿಗಿ ಭಾಳ ಛಲೋ ಆಗೇತಿ" ಎಂದರು ಡಾಕ್ಟರ್‌ಬಾಯಿ.

"ಕಾಣತೈತ್ರಿ ಮೇಡಂ" ಎಂದೆ.

ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿಯದೆ ತಾವೇ ಮೆಟ್ಟಿಲು ಹತ್ತಿ ರೈಲುಡಬ್ಬಿಯ ಬಾಗಿಲಲ್ಲಿ ನಿಂತರು, ಎರಡೂ ಕಾಲಿನ ಮೇಲೆ, ಅದೇ ಗಂಡಸರ ಬೂಟಿನಲ್ಲಿ. ಗಾರ್ಡ್ ಸೀಟಿ ಊದಿದಾಗ ಚೀಲದಿಂದ ಪರೀಕ್ಷೆಯ ಆ ಹಳೆಯ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. ಬೆಚ್ಚಗಿತ್ತು. ಮುಚ್ಚಳ ತೆಗೆದು ಮೂಸಿದೆ. ಚಹಾ.

"ಕುದಿಸಿ ತೊಳದೀನಿ, ಹೆದರಬ್ಯಾಡ" ಎಂದರು. ರೈಲು ಕದಲಿತು. ಆಕೆ ಬಾಗಿಲಿನ ಕಂಬಿ ಹಿಡಿದು ಹೊರಗೆ ಬಾಗಿ ಕೂಗಿದರು, "ಪೊಲೀಸ! ಬಣ್ಣ ಯಾವುದು ಹೇಳ?"

ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದೆ. "ಬ್ಲೂ, ಮೇಡಂ! ಪ್ಯೂರ್ ಬ್ಲೂ!"

ಆಕೆ ಬಾಯಿ ತುಂಬ ನಗುತ್ತಿದ್ದುದು ಸಿಗ್ನಲ್ ದಾಟುವವರೆಗೂ ಕಾಣುತ್ತಿತ್ತು. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ. ಆಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಬಾಟಲಿಯಲ್ಲಿದ್ದದ್ದನ್ನು ಕುಡಿದೆ. ಸಕ್ಕರೆ ಹಾಕಿರಲಿಲ್ಲ.